ಮುದ್ದಿನ ಹೆಸರಿನ ವಿವೇಚನೆ

ಹೋದ ತಿಂಗಳು ನಮ್ಮ ಸಾಹಿತ್ಯಕೂಟದಲ್ಲಿ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಎಂಬ ಕಾದಂಬರಿಯನ್ನು ಕುರಿತು ಚರ್ಚೆ ನಡೆಯಿತು. 1968ರಲ್ಲಿ ಪ್ರಕಟವಾಗಿ 1977ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರವಾದ ಆ ಕೃತಿಯನ್ನು ವಾಚಕರಿಗೆ ನಾನು ಹೊಸದಾಗಿ ಪರಿಚಯಿಸಬೇಕಾದದ್ದಿಲ್ಲ. ಚರ್ಚೆಯ ಕೊನೆಗೆ ಸಿದ್ದಾಪುರದ ಕಡೆಯ ತರುಣ ಅಧ್ಯಾಪಕರೊಬ್ಬರು ಎದ್ದು ನಿಂತು, “ಊರಿನ ಪಂಡಿತರೆಲ್ಲರಿಗಿಂತ ಹೆಚ್ಚು ತಿಳಿದು ಮಾತಾಡುವ ಮುದುಕಿಯನ್ನು ಮೂಕಜ್ಜಿಯೆಂದು ಕರೆಯುವದು ಅವಮಾನವಲ್ಲವೇ? ಪ್ರೀತಿಯುಳ್ಳ ಮೊಮ್ಮಗನು ಆ ಹೆಸರನ್ನು ಹೇಗೆ ಬಾಯಿಗೆ ತಂದಾನು?” ಎಂದು ಕೇಳಿದರು. ಯಲ್ಲಾಪುರದ ಹಿರಿಯರೊಬ್ಬರು, “ಅಡ್ಡಹೆಸರಿಗೆ ಅರ್ಥವನ್ನು ಹುಡುಕಬಾರದು, ಅದು ಬಾಯಿಗೆ ಬಂದ ಶಬ್ದ, ಅಷ್ಟೇ” ಎಂದು ಉತ್ತರ ಕೊಟ್ಟರು. ಸಭೆಯವರು ನಕ್ಕರು; ಕೂಟವು ಮುಗಿಯಿತು. ಆದರೆ ಆ ಪ್ರಶ್ನೋತ್ತರವು ನನ್ನ ಮನಸ್ಸನ್ನು ಬಿಡಲಿಲ್ಲ. ಪ್ರಶ್ನೆಯು ಯೋಗ್ಯವಾದದ್ದು, ಉತ್ತರವು ಅಷ್ಟು ಯೋಗ್ಯವಾದದ್ದಲ್ಲವೆಂದು ನನಗೆ ತೋರಿತು. ಮುದ್ದಿನ ಹೆಸರಿಗೆ ಅರ್ಥವುಂಟೇ, ಇದ್ದರೆ ಅದನ್ನು ತಿಳಿಯುವ ಬಗೆ ಯಾವದು ಎಂಬ ವಿಷಯವನ್ನು ನನ್ನ ಅಲ್ಪಮತಿಗೆ ತೋಚಿದಂತೆ ಇಲ್ಲಿ ವಿವೇಚಿಸುವೆನು.

ಮೊದಲು ಪೂರ್ವಪಕ್ಷವನ್ನು ನೋಡೋಣ. ಮುದ್ದಿನ ಹೆಸರೆಂದರೆ ಒಳ್ಳೆಯ ಹೆಸರೊಂದರ ಕೆಟ್ಟ ರೂಪ. ನಾಮಕರಣದ ದಿವಸ ಮಂತ್ರಪೂರ್ವಕವಾಗಿ ಇಟ್ಟ ಹೆಸರು ಸಾಧುಶಬ್ದ, ಅಡಿಗೆಮನೆಯಲ್ಲಿ ಹುಟ್ಟಿದ ಹೆಸರು ಅಪಶಬ್ದ. ಹೀಗೆ ವಾದಿಸುವವರಿಗೆ ಪತಂಜಲಿಯ ಮಹಾಭಾಷ್ಯವೇ ಆಧಾರವಾಗಿ ಸಿಕ್ಕುವದು. ‘ಗೌಃ’ ಎಂಬ ಒಂದು ಶುದ್ಧಶಬ್ದಕ್ಕೆ ಗಾವೀ, ಗೋಣೀ ಮೊದಲಾದ ಅನೇಕ ಅಪಭ್ರಂಶಗಳು ಜನರ ಬಾಯಲ್ಲಿರುವವೆಂದು ಆತನು ಗ್ರಂಥಾರಂಭದಲ್ಲಿಯೇ ತೋರಿಸಿರುವನಷ್ಟೆ. ಅದರಂತೆ ನಾರಾಯಣನೆಂಬದು ಸಾಧು, ನಾಣಿಯೆಂಬದು ಅಸಾಧು. ಮಹಾಬಲೇಶ್ವರನೆಂಬದು ಸಾಧು, ಮಾಬ್ಲನೆಂಬದು ಅಸಾಧು. ಪಾಠಶಾಲೆಯಲ್ಲಿ ಓದುವ ವಯಸ್ಸಿನಲ್ಲಿ ನಾನೂ ಈ ವಾದವನ್ನೇ ಹಿಡಿದಿದ್ದೆನು. ಅದರಿಂದ ಆದ ನಷ್ಟವನ್ನು ಮುಂದೆ ಹೇಳುವೆನು.

ಆದರೆ ಅದೇ ವ್ಯಾಕರಣಶಾಸ್ತ್ರದ ಮೂಲಪುರುಷನಾದ ಪಾಣಿನಿಯು ಈ ವಿಷಯದಲ್ಲಿ ಮೌನವಾಗಿಲ್ಲ. ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ‘ಅನುಕಂಪೆ’ ಎಂಬ ಅರ್ಥದಲ್ಲಿ ಬರುವ ಪ್ರತ್ಯಯಗಳಿಗಾಗಿ ಆತನು ಸೂತ್ರಗಳ ಒಂದು ಸಾಲನ್ನೇ ರಚಿಸಿರುವನು. ಅನುಕಂಪೆಯೆಂದರೆ ಬರಿಯ ಕರುಣೆಯಲ್ಲ. ಇನ್ನೊಬ್ಬರ ಜೊತೆಗೆ ತಾನೂ ಕಂಪಿಸುವದು. ಈ ಅರ್ಥದಲ್ಲಿ ಪುತ್ರನು ಪುತ್ರಕನಾಗುವನು, ವತ್ಸನು ವತ್ಸಕನಾಗುವನು. ಕಾಶಿಕಾವೃತ್ತಿಯವರು ಕೊಡುವ ಉದಾಹರಣೆಗಳಲ್ಲಿ ‘ಬುಭುಕ್ಷಿತಕ’ ಎಂಬದೂ ಒಂದು. ಹಸಿದವನು ಬುಭುಕ್ಷಿತ, ಅಯ್ಯೋ, ಹಸಿದಿರುವನಲ್ಲಾ ಎಂದು ಮರುಗಿ ಕರೆದರೆ ಬುಭುಕ್ಷಿತಕ. ಸಂಜೆ ಶಾಲೆಯಿಂದ ಬಂದ ಮಗುವನ್ನು ಬಾಗಿಲಲ್ಲಿ ಕಂಡ ಅಜ್ಜಿಯ ದನಿ ಆ ಒಂದು ‘ಕ’ಕಾರದಲ್ಲಿ ಇರುವದು. ಶಾಸ್ತ್ರವು ಅದನ್ನು ಅಪಶಬ್ದವೆಂದು ಹೊರಗೆ ಹಾಕದೆ, ಅದಕ್ಕೊಂದು ಪ್ರತ್ಯಯವನ್ನು ಕೊಟ್ಟು ಒಳಗೆ ಕರೆದುಕೊಂಡಿತು.

ಮನುಷ್ಯರ ಹೆಸರುಗಳಿಗಂತೂ ಇನ್ನೂ ಸೂಕ್ಷ್ಮವಾದ ವಿಧಿಯುಂಟು. ಅನೇಕ ಸ್ವರಗಳುಳ್ಳ ಹೆಸರನ್ನು ಪ್ರೀತಿಯಿಂದ ಕರೆಯುವಾಗ ಎರಡನೆಯ ಸ್ವರದ ಮುಂದಿನ ಭಾಗವು ಲೋಪವಾಗಿ, ಉಳಿದುದಕ್ಕೆ ಪ್ರತ್ಯಯವು ಸೇರುವದು. ಹೀಗೆ ದೇವದತ್ತನೆಂಬವನು ದೇವಿಕ, ದೇವಿಯ, ದೇವಿಲ ಎಂದು ಮೂರು ಬಗೆಯಾಗಿ ಕರೆಯಲ್ಪಡುವನು. ಪೂರ್ವದೇಶದ ಆಚಾರ್ಯರ ಮತದಂತೆ ‘ಉಪ’ ಎಂದು ಮೊದಲಾಗುವ ಹೆಸರುಗಳಿಗೆ ಬೇರೆ ರೂಪಗಳೂ ಉಂಟೆಂದು ಪಾಣಿನಿಯು ಹೇಳಿರುವನು. ಅಂದಮೇಲೆ ಮುದ್ದಿನ ಹೆಸರುಗಳು ಊರಿಂದ ಊರಿಗೆ ಬೇರೆಯಾಗುವವೆಂಬ ಸಂಗತಿಯು ಸಹ ಆ ಮಹಾನುಭಾವನಿಗೆ ತಿಳಿದಿದ್ದಿತು. ಎರಡು ಸಾವಿರ ವರುಷಗಳಿಗೂ ಹಿಂದೆ ಶಾಸ್ತ್ರಕಾರನೊಬ್ಬನು ಮನೆಯ ಮುದುಕಿಯರ ಬಾಯಿಗೆ ಕಿವಿಗೊಟ್ಟು ಕುಳಿತಿದ್ದನೆಂಬದೇ ದೊಡ್ಡ ಸಂಗತಿ.

ನಮ್ಮ ಘಟ್ಟದ ಮೇಲಿನ ಮೂರು ತಾಲೂಕುಗಳ ಹೆಸರುಗಳನ್ನು ಈ ಸೂತ್ರಗಳ ಎದುರಿಗಿಟ್ಟು ನೋಡಿದರೆ ಸಾಮ್ಯವೂ ಕಾಣುವದು, ಭೇದವೂ ಕಾಣುವದು. ಸುಬ್ರಾಯನು ಸುಬ್ಬುವಾಗುವನು, ಸರಸ್ವತಿಯು ಸರಸುವಾಗುವಳು, ಮಂಜುನಾಥನು ಮಂಜನಾಗುವನು. ಇವು ಬಹುಮಟ್ಟಿಗೆ ಪಾಣಿನಿಯ ದಾರಿಯಲ್ಲಿಯೇ ಇವೆ. ಮೊದಲಿನ ಭಾಗವುಳಿದು ಕೊನೆಯು ಹೋಗಿರುವದು. ಆದರೆ ನಾರಾಯಣನು ನಾಣಿಯಾಗುವಾಗ ಮೊದಲೂ ಕೊನೆಯೂ ಉಳಿದು ನಡುವು ಹೋಗುವದು. ಮಹಾಬಲೇಶ್ವರನು ಮಾಬ್ಲನಾಗುವಾಗ ಗೋಕರ್ಣದ ಆ ಮಹಾದೇವನ ಹೆಸರೆಲ್ಲ ಎರಡು ಅಕ್ಷರಗಳೊಳಗೆ ಅಡಕವಾಗುವದು. ನಮ್ಮ ಸೀಮೆಯ ಆಡುಮಾತು ಅಚ್ಚಿನಲ್ಲಿ ಬಂದ ಮೊದಲ ಪ್ರಸಿದ್ಧ ಕೃತಿಯಾದ, ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವು (1887) ತನ್ನ ಶಿರೋನಾಮದಲ್ಲಿಯೇ ಇಂಥದೊಂದು ಮನೆಮಾತಿನ ಹೆಸರನ್ನು ಧರಿಸಿರುವದು. ಆ ಹೆಸರಿನ ಸ್ಥಾನದಲ್ಲಿ ಒಂದು ಶುದ್ಧ ಸಂಸ್ಕೃತ ನಾಮವನ್ನಿಟ್ಟರೆ ಪ್ರಹಸನದ ಅರ್ಧ ಜೀವವೇ ಹೋದೀತು.

ಇನ್ನು ಮೂಕಜ್ಜಿಯ ಹೆಸರು. ಕಾದಂಬರಿಯಲ್ಲಿ ಆಕೆಯ ನಿಜನಾಮ ಮೂಕಾಂಬಿಕೆ. ಕೊಲ್ಲೂರಿನ ದೇವಿಯ ಹೆಸರು. ಮೂಕಾಂಬಿಕೆಯೆಂಬಲ್ಲಿ ಎರಡನೆಯ ಸ್ವರದವರೆಗಿನ ಭಾಗವನ್ನು ಉಳಿಸಿ ಮುಂದಿನದನ್ನು ಬಿಟ್ಟು, ಕನ್ನಡದ ‘ಇ’ಕಾರವನ್ನು ಸೇರಿಸಿದರೆ ‘ಮೂಕಿ’ ಎಂದು ಆಗುವದು. ದೇವದತ್ತನು ದೇವಿಕನಾದಂತೆಯೇ ಮೂಕಾಂಬಿಕೆಯು ಮೂಕಿಯಾದಳು. ಆದುದರಿಂದ ರೂಪದ ದೃಷ್ಟಿಯಿಂದ ಇದು ಅವಮಾನದ ಶಬ್ದವಲ್ಲ, ಅನುಕಂಪೆಯ ಶಬ್ದ. ಆದರೆ ಕನ್ನಡದಲ್ಲಿ ಮೂಕಿಯೆಂದರೆ ಮಾತು ಬಾರದವಳು ಎಂಬ ಅರ್ಥವೂ ಉಂಟಷ್ಟೆ. ಹೀಗೆ ಒಂದೇ ಶಬ್ದದಲ್ಲಿ ಮುದ್ದೂ ಮೂದಲಿಕೆಯೂ ಕೂಡಿಕೊಂಡಿವೆ. ಆಲಂಕಾರಿಕರು ಇದನ್ನು ಶ್ಲೇಷವೆಂದಾರು. ತರುಣ ಅಧ್ಯಾಪಕರು ಎರಡನೆಯ ಅರ್ಥವನ್ನು ಮಾತ್ರ ಕೇಳಿದರು; ನಮ್ಮ ಹಿರಿಯರು ಎರಡನ್ನೂ ಕೇಳಲಿಲ್ಲ. ಇವೆರಡರಲ್ಲಿ ಯಾವದನ್ನು ಸ್ವೀಕರಿಸಬೇಕೆಂಬದು ಕೇವಲ ವ್ಯಾಕರಣದಿಂದ ನಿರ್ಣಯವಾಗತಕ್ಕದ್ದಲ್ಲ. ಅದನ್ನು ಕರೆದವರು ಯಾರು, ಕೇಳಿದವರು ಯಾರು ಎಂಬದನ್ನು ನೋಡಬೇಕು. ಅದಕ್ಕಾಗಿ ಪುಸ್ತಕವನ್ನು ಕೆಲಹೊತ್ತು ಬದಿಗಿಟ್ಟು ನಮ್ಮ ಮನೆಗಳ ಒಳಗೆ ಬರುವದು ಅವಶ್ಯವಾಗಿದೆ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹಿರಿಯ ಮೊಮ್ಮಗನಿಗೆ ತಂದೆಯ ತಂದೆಯ ಹೆಸರನ್ನಿಡುವದು ರೂಢಿ. ಅಜ್ಜನ ಹೆಸರು ಮನೆಯಲ್ಲಿ ಉಳಿಯಬೇಕೆಂಬದು ಅದರ ಉದ್ದೇಶ. ಆದರೆ ಅದೇ ಮನೆಗಳಲ್ಲಿ ಹೆಂಡತಿಯು ಗಂಡನ ಹೆಸರನ್ನು ಹೇಳಬಾರದು, ಸೊಸೆಯು ಮಾವನ ಹೆಸರನ್ನು ಹೇಳಬಾರದು ಎಂಬ ನಿರ್ಬಂಧವೂ ಇದ್ದಿತು. ಗಂಡಸರು ಉಳಿಸಬೇಕೆಂದು ಇಟ್ಟ ಹೆಸರು ಹೆಂಗಸರ ಬಾಯಲ್ಲಿ ಬರಲಾರದಂತಾಯಿತು. ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಅಜ್ಜಿಯ ಗಂಡನ ಹೆಸರು. ತಾಯಿಯ ಮಾವನ ಹೆಸರು. ಅವರು ಆ ಕೂಸನ್ನು ಹೇಗೆ ಕರೆಯಬೇಕು? ಮದುವೆಯ ಸಮಯದಲ್ಲಿ ಹೊಸ ಹೆಂಡತಿಯು ಗಂಡನ ಹೆಸರನ್ನು ಒಡಪಿನಲ್ಲಿ ಸೇರಿಸಿ ಹೇಳುವ ಸಂಪ್ರದಾಯವು ಕನ್ನಡನಾಡಿನ ಹಲವು ಕಡೆಗಳಲ್ಲಿ ಉಂಟು. ಗದ್ಯದಲ್ಲಿ ನಿಷಿದ್ಧವಾದ ಹೆಸರು ಪದ್ಯದಲ್ಲಿ ಅನುಮತವಾಗುವದು! ಕಾವ್ಯಕ್ಕೆ ಇಷ್ಟು ದೊಡ್ಡ ಅಧಿಕಾರವನ್ನು ಯಾವ ಲಕ್ಷಣಗ್ರಂಥಕಾರನೂ ಕೊಟ್ಟದ್ದನ್ನು ನಾನು ಕಾಣೆನು. ಆದರೆ ಒಡಪು ಒಂದು ದಿವಸದ ಮಾತು. ದಿನದಿನದ ಬಳಕೆಗೆ ಮುದ್ದಿನ ಹೆಸರೇ ಗತಿ. ನಮ್ಮಲ್ಲಿ ಗಂಡುಕೂಸನ್ನು ಮಾಣಿ, ತಮ್ಮ, ಅಪ್ಪಿ ಎಂದೂ ಹೆಣ್ಣುಕೂಸನ್ನು ಕೂಸು, ತಂಗಿ ಎಂದೂ ಕರೆಯುವದು ಇದರಿಂದಲೇ ಹುಟ್ಟಿತೆಂದು ನಾನು ಹೇಳಲಾರೆನು. ಆದರೆ ಎಷ್ಟೋ ಮನೆಗಳಲ್ಲಿ ಅದು ಜೀವಮಾನವಿಡೀ ಉಳಿದದ್ದು ಇದರಿಂದಲೇ.

ಈಗ ನನ್ನ ಸ್ವಂತದ ಮಾತನ್ನು ಹೇಳಬೇಕಾಗಿದೆ. ವಿಮರ್ಶೆಯಲ್ಲಿ ಆತ್ಮವೃತ್ತಾಂತವನ್ನು ತರುವದು ಸರಿಯಲ್ಲವೆಂದು ನಾನೇ ಅನೇಕ ಸಲ ವಿದ್ಯಾರ್ಥಿಗಳಿಗೆ ಹೇಳಿದ್ದುಂಟು. ಆದರೆ ಈ ವಿಷಯದಲ್ಲಿ ನನಗೆ ಗೊತ್ತಿರುವ ಪ್ರಮಾಣವು ಇದೊಂದೇ, ವಾಚಕರು ಕ್ಷಮಿಸಬೇಕು.

ನನ್ನ ಹೆಸರು ನಾರಾಯಣ. ಅದು ನನ್ನ ಅಜ್ಜನ ಹೆಸರು. ಅಜ್ಜನನ್ನು ನಾನು ನೋಡಿಲ್ಲ. ನಾನು ಹುಟ್ಟುವ ಮುಂಚೆಯೇ ಅವನು ತೀರಿಕೊಂಡಿದ್ದನು. ಅಮ್ಮಮ್ಮನು ನನ್ನನ್ನು ಅಪ್ಪಿಯೆಂದು ಕರೆಯುತ್ತಿದ್ದಳು. ಊರಿನ ಶಾಲೆಯ ಗೆಳೆಯರು ನಾಣಿಯೆಂದರು. ಮಾಸ್ತರರು ಹಾಜರಿಯಲ್ಲಿ ನಾರಾಯಣನೆಂದರು. ಮನೆಯ ಹೆಂಗಸರಿಗೆಲ್ಲ ನಾನು ಅಪ್ಪಿಯೇ. ಸಂಜೆ ದೀಪ ಹಚ್ಚಿದಮೇಲೆ ಅಮ್ಮಮ್ಮನು ತುಲಸೀಕಟ್ಟೆಯ ಮುಂದೆ ಕುಳಿತು ದೇವರ ಹೆಸರುಗಳನ್ನು ಹೇಳಿಕೊಳ್ಳುವಳು. ಕೇಶವ ಬರುವದು, ಮಾಧವ ಬರುವದು, ಗೋವಿಂದ ಬರುವದು; ನಾರಾಯಣ ಬರಬೇಕಾದ ಸ್ಥಳದಲ್ಲಿ ಮಾತ್ರ ತುಟಿಗಳು ಮುಚ್ಚಿಕೊಳ್ಳುವವು. ಅಲ್ಲಿ ಒಂದು ಉಸಿರಿನಷ್ಟು ಹೊತ್ತು ಬರಿದಾಗಿರುವದು. ನಾನು ದಿನಾಲು ಆ ಬರಿದಾದ ಜಾಗವನ್ನು ಕೇಳುತ್ತಿದ್ದೆನು. ಅದರ ಕಾರಣವನ್ನು ಕೇಳಲಿಲ್ಲ.

ಮುಂದೆ ನಾನು ಸಂಸ್ಕೃತ ಪಾಠಶಾಲೆಗೆ ಸೇರಿದೆನು. ಒಂದು ವರುಷ ಶಿರಸಿಯ ಮಾರಿಕಾಂಬೆಯ ಜಾತ್ರೆಯ ರಜೆಯಲ್ಲಿ ಮೂವರು ಸಹಪಾಠಿಗಳು ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಕುಳಿತು ನಾವು ಸಿದ್ಧಾಂತಕೌಮುದಿಯ ಸಮಾಸಗಳನ್ನು ಕುರಿತು ಏರಿದ ದನಿಯಲ್ಲಿ ವಾದ ಮಾಡುತ್ತಿರಲು ಒಳಗಿನಿಂದ ಅಮ್ಮಮ್ಮನು ಬಾಗಿಲಿಗೆ ಬಂದು, “ಅಪ್ಪೀ, ಕೈಕಾಲು ತೊಳ್ಕಂಡು ಬಾರೋ, ತೆಳ್ಳೇವು ಆರಿಹೋಗ್ತು” ಎಂದಳು. ಗೆಳೆಯರು ನಕ್ಕರು. ಆ ರಜೆಯು ಮುಗಿದಮೇಲೆ ಪಾಠಶಾಲೆಯಲ್ಲಿ ನನ್ನ ಹೆಸರು ಕೌಮುದಿಯ ಅಪ್ಪಿಯೆಂದಾಯಿತು. ಆದರೆ ಅದಕ್ಕೂ ಮೊದಲು, ಅದೇ ರಾತ್ರಿ, ನಾನು ಅಮ್ಮಮ್ಮನ ಹತ್ತಿರ ಹೋಗಿ, “ಯಂಗೆ ಒಂದು ಹೆಸರಿದ್ದು ಅಮ್ಮಮ್ಮ. ಇನ್ನುಮೇಲೆ ಅದ್ರಲ್ಲೇ ಕರಿ” ಎಂದೆನು. ಅವಳು ಬತ್ತಿ ಹೊಸೆಯುತ್ತಿದ್ದಳು. ಕೈ ನಿಂತಿತು, ಏನನ್ನೂ ಹೇಳಲಿಲ್ಲ, ಮತ್ತೆ ಹೊಸೆಯತೊಡಗಿದಳು.

ಅಂದಿನಿಂದ ಅವಳು ನನ್ನನ್ನು ಕರೆಯಲಿಲ್ಲ. ಊಟಕ್ಕೆ ಕರೆಯಬೇಕಾದರೆ ಬಂದು ಕಂಬದ ಹತ್ತಿರ ನಿಲ್ಲುವಳು. ನಾನು ಪುಸ್ತಕದಿಂದ ತಲೆಯೆತ್ತುವವರೆಗೆ ನಿಂತಿರುವಳು. ನಾನು ದೂರ ಇದ್ದರೆ ಸಣ್ಣ ಮಕ್ಕಳನ್ನು ಕಳಿಸುವಳು. ನನಗೆ ಅದು ವಿನಯವೆಂದು ತೋರಿತು. ಮೊಮ್ಮಗನು ಪಂಡಿತನಾಗುತ್ತಿರುವನೆಂದು ಅಮ್ಮಮ್ಮನಿಗೆ ತಿಳಿಯಿತೆಂದು ಒಳಗೊಳಗೆ ಸಂತೋಷಪಟ್ಟೆನು. ನಾನು ಬೇಡವೆಂದ ಹೆಸರನ್ನು ಅವಳು ಬಿಟ್ಟಳು. ನಾನು ಬೇಕೆಂದ ಹೆಸರನ್ನು ಅವಳು ಹೇಳಲಾರಳು. ಎರಡರ ನಡುವೆ ಅವಳಿಗೆ ನನ್ನನ್ನು ಕರೆಯುವದಕ್ಕೆ ಶಬ್ದವೇ ಇಲ್ಲದಂತಾಯಿತು. ನಮ್ಮ ಮನೆಯಲ್ಲಿ ಒಬ್ಬ ಮೂಕಜ್ಜಿಯನ್ನು ನಾನೇ ಮಾಡಿದೆನು.

ಮೂರು ವರುಷಗಳ ತರುವಾಯ ಆಷಾಢದ ಮಳೆಯಲ್ಲಿ ಅವಳಿಗೆ ಅಂತ್ಯಕಾಲವು ಬಂತು. ದೊಡ್ಡಪ್ಪನು ಕಿವಿಯ ಹತ್ತಿರ ಬಾಗಿ, “ಆಯಿ, ನಾರಾಯಣ ಹೇಳು” ಎಂದನು. ಅವಳ ತುಟಿಗಳು ಮುಚ್ಚಿಕೊಂಡವು. ಎರಡನೆಯ ಸಲ ಹೇಳಿದಾಗಲೂ ಹಾಗೆಯೇ. ಮೂರನೆಯ ಸಲ ಅವಳು ಕಣ್ಣು ತೆರೆದು ಸ್ಪಷ್ಟವಾಗಿ, “ಅಪ್ಪೀ” ಎಂದಳು. ಎಲ್ಲರೂ ನನ್ನನ್ನು ಮುಂದಕ್ಕೆ ತಳ್ಳಿದರು. ನಾನು ಹೋಗಿ ಕೈ ಹಿಡಿದೆನು. ಅವಳ ದೃಷ್ಟಿಯು ನನ್ನ ಮೇಲಿರಲಿಲ್ಲ. ದೇವರ ಮುಂದಿನ ದೀಪದ ಕಡೆಗಿತ್ತು. ಹಿರಿಯರು ಆಮೇಲೆ, ಕಡೆಯ ಗಳಿಗೆಯಲ್ಲಿ ದೇವರ ಹೆಸರು ಬಾಯಿಗೆ ಬರಲಿಲ್ಲ, ಮೊಮ್ಮಗನ ವ್ಯಾಮೋಹ ಬಿಡಲಿಲ್ಲ ಎಂದು ನೊಂದುಕೊಂಡರು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆನು.

ಭಾಗವತದ ಆರನೆಯ ಸ್ಕಂಧದಲ್ಲಿ ಅಜಾಮಿಳನ ಕಥೆ ಉಂಟು. ಅವನು ಮರಣಕಾಲದಲ್ಲಿ ತನ್ನ ಕಿರಿಯ ಮಗನಾದ ನಾರಾಯಣನನ್ನು ಹೆಸರು ಹಿಡಿದು ಕೂಗಿದನು. ಆ ಕೂಗು ದೇವರಿಗೆ ಸಂದಿತು. ಮಗನನ್ನು ಕರೆದರೆ ದೇವರು ಓಗೊಟ್ಟನು. ಈ ಕಥೆಯನ್ನು ನಾನು ಮೂವತ್ತು ವರುಷ ಪಾಠ ಹೇಳಿದೆನು. ಒಂದು ದಿವಸ, ನಿವೃತ್ತಿಗೆ ಸ್ವಲ್ಪ ಮುಂಚೆ, ತರಗತಿಯಲ್ಲಿ ಅದನ್ನು ಹೇಳುತ್ತಿರುವಾಗಲೇ ಮಾತು ನಿಂತುಹೋಯಿತು. ನಮ್ಮ ಮನೆಯಲ್ಲಿ ನಡೆದದ್ದೂ ಅದೇ, ಆದರೆ ತಿರುವುಮುರುವಾಗಿ. ಅಜಾಮಿಳನು ದೇವರ ಹೆಸರಿನಿಂದ ಮಗನನ್ನು ಕರೆದನು. ನಮ್ಮ ಅಮ್ಮಮ್ಮನು ಮಗುವಿನ ಹೆಸರಿನಿಂದ ದೇವರನ್ನು ಕರೆದಳು. ನಾರಾಯಣ ಹೇಳು ಎಂದಾಗ ಅವಳು ಹೇಳಿದ್ದು ನಾರಾಯಣನನ್ನೇ. ಅವಳ ಭಾಷೆಯಲ್ಲಿ ಆ ಹೆಸರಿಗೆ ಅಪ್ಪಿಯೆಂಬದೊಂದೇ ಉಚ್ಚಾರ.

ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದಲ್ಲಿ ಧ್ವನಿಸಿದ್ಧಾಂತವನ್ನು ಪ್ರತಿಪಾದಿಸಿದಾಗ, ಮೇಲಿನ ಮಾತಿನ ಅರ್ಥವೊಂದು, ಅದರಿಂದ ತೋರುವ ಅರ್ಥವಿನ್ನೊಂದು ಎಂದನು. ಮೇಲೆ ನಿಷೇಧವಿದ್ದರೂ ಒಳಗೆ ವಿಧಿಯಿರಬಹುದೆಂದನು. ಅಜ್ಜಿಯು ಹೇಳುವ ಮುದ್ದಿನ ಹೆಸರಿಗಿಂತ ಇದಕ್ಕೆ ಚಿಕ್ಕ ಉದಾಹರಣೆಯು ಸಿಕ್ಕಲಾರದು. ಅಲ್ಲಿ ವಾಚ್ಯಾರ್ಥವು ಮಗು. ಅದರ ಹಿಂದೆ ಹೆಸರು ಹೇಳಬಾರದ ಗಂಡ. ಅವನ ಹಿಂದೆ ಅವನ ಹೆಸರಿನ ದೇವರು. ಮುಚ್ಚಿಟ್ಟ ಹೆಸರು ಆ ಎರಡಕ್ಷರಗಳ ಒಳಗೆ ದಿನಕ್ಕೆ ನೂರು ಸಲ ಉಚ್ಚರಿಸಲ್ಪಡುತ್ತಿದ್ದಿತು. ವಿಧವೆಯಾದವಳಿಗೆ ಗಂಡನನ್ನು ಕರೆಯುವ ದಾರಿ ಅದೊಂದೇ ಉಳಿದಿದ್ದಿತೆಂಬದನ್ನು, ಅದನ್ನೇ ನಾನು ಮುಚ್ಚಿದೆನೆಂಬದನ್ನು ತಿಳಿಯುವದಕ್ಕೆ ನನಗೆ ನಾಲ್ವತ್ತು ವರುಷ ಹಿಡಿಯಿತು. ಧ್ವನಿಯು ಸಹೃದಯನಿಗೆ ಮಾತ್ರ ಕೇಳಿಸುವದೆಂದು ಆಚಾರ್ಯರು ಹೇಳಿದ್ದು ಸತ್ಯ. ನಾನು ಆಗ ಕೇವಲ ವೈಯಾಕರಣನಾಗಿದ್ದೆನು, ಅದೂ ಅರೆಬೆಂದವನು.

ಅಪ್ಪಿಯೆಂಬ ಶಬ್ದದಲ್ಲಿಯೇ ಇನ್ನೊಂದು ವಿಚಾರವಿದೆ. ಅಪ್ಪನೆಂದರೆ ತಂದೆ; ಅಪ್ಪಿಯೆಂದರೆ ಚಿಕ್ಕ ಅಪ್ಪ. ಎಳೆಯ ಕೂಸಿಗೆ ತಂದೆಯ ಹೆಸರೇಕೆ? ಕನ್ನಡದಲ್ಲೆಲ್ಲ ಹಿರಿಯರು ಗಂಡುಮಗುವನ್ನು ‘ಏನಪ್ಪಾ’ ಎಂದೂ ಹೆಣ್ಣುಮಗುವನ್ನು ‘ನನ್ನ ತಾಯೀ’ ಎಂದೂ ಕರೆಯುವದನ್ನು ನಾವು ದಿನಾಲು ಕೇಳುತ್ತೇವೆ. ಸಂಸ್ಕೃತದ ‘ತಾತ’ ಶಬ್ದವೂ ಇಂಥದೇ. ಅದರ ಅರ್ಥ ತಂದೆ. ಆದರೆ ಹಿರಿಯರು ಕಿರಿಯರನ್ನು ಪ್ರೀತಿಯಿಂದ ಸಂಬೋಧಿಸುವದಕ್ಕೂ ಅದೇ ಶಬ್ದ. ಗೀತೆಯ ಆರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಅರ್ಜುನನನ್ನು ಒಂದೆಡೆ ಹೀಗೆ ಸಂಬೋಧಿಸಿರುವನು. ಅದೇ ಶಬ್ದವು ಕನ್ನಡಕ್ಕೆ ಬಂದು ಅಜ್ಜನನ್ನು ಹೇಳುವದು. ಮಗು, ತಂದೆ, ಅಜ್ಜ ಈ ಮೂವರೂ ಒಂದೇ ಶಬ್ದದ ಮಾಡಿನಡಿಯಲ್ಲಿ ನಿಂತಿರುವರು.

ಇದು ನಮ್ಮ ದೇಶದಲ್ಲಿ ಮಾತ್ರ ಎಂದು ತಿಳಿಯಬಾರದು. ಸಮುದ್ರದಾಚೆಯ ಫಿಲಿಪೈನ್ಸ್ ದ್ವೀಪಗಳಲ್ಲಿ ತಗಲಾಗ್ ಭಾಷೆಯವರು ಮೊಮ್ಮಗುವನ್ನು ‘ಅಪೊ’ ಎನ್ನುತ್ತಾರೆ. ಅದೇ ದ್ವೀಪಗಳ ಉತ್ತರಭಾಗದ ಇಲೊಕಾನೊ ಭಾಷೆಯಲ್ಲಿ ‘ಅಪೊ’ ಎಂಬದು ಹಿರಿಯರನ್ನೂ ಒಡೆಯರನ್ನೂ ಗೌರವದಿಂದ ಕರೆಯುವ ಶಬ್ದ. ನಮ್ಮ ಅಪ್ಪಿಗೂ ಆ ಅಪೊವಿಗೂ ಭಾಷಾಸಂಬಂಧವೇನೂ ಇಲ್ಲ, ಸಂಬಂಧವಿರುವದು ಭಾವದಲ್ಲಿ. ಅಲ್ಲಿ ಅಜ್ಜಿಗೆ ‘ಲೋಲಾ’ ಎನ್ನುವರು. ಸ್ಪೇನಿನವರು ಆ ದ್ವೀಪಗಳನ್ನು 1565ರಿಂದ 1898ರ ವರೆಗೆ ಆಳಿದರು. ಅವರ ಭಾಷೆಯಲ್ಲಿ ಅಜ್ಜಿಗೆ ಇರುವ ‘ಅಬುಯೆಲಾ’ ಎಂಬ ಶಬ್ದವೇ ಮಕ್ಕಳ ಬಾಯಲ್ಲಿ ತಿರುಗಿ ಲೋಲಾ ಎಂದಾಯಿತೆಂದು ತಿಳಿದವರು ಹೇಳುತ್ತಾರೆ. ಆಳಿದವರು ಹೋದರು, ಅವರ ಶಬ್ದವು ಅಜ್ಜಿಯ ತೊಡೆಯ ಮೇಲೆ ಕುಳಿತು ಉಳಿಯಿತು. ಬಂಗಾಲದಲ್ಲಿಯೂ ಪ್ರತಿಯೊಬ್ಬನಿಗೆ ಹೊರಗಿನ ಒಳ್ಳೆಯ ಹೆಸರೊಂದು, ಮನೆಯ ಕರೆಯ ಹೆಸರೊಂದು ಇರುವದು. ಅವರು ಎರಡಕ್ಕೂ ಬೇರೆ ಬೇರೆ ಶಬ್ದಗಳನ್ನೇ ಮಾಡಿಕೊಂಡಿರುವರು. ಎಲ್ಲೆಡೆಯೂ ಸಂಗತಿಯೊಂದೇ: ಹೊರಗಿನ ಹೆಸರು ನಮ್ಮನ್ನು ಇತರರಿಂದ ಬೇರ್ಪಡಿಸುವದಕ್ಕೆ, ಒಳಗಿನ ಹೆಸರು ಒಬ್ಬರೊಡನೆ ಕೂಡಿಸುವದಕ್ಕೆ.

ಅಪ್ಪಿಯೆಂಬದಕ್ಕೆ ಕನ್ನಡದಲ್ಲಿ ತಬ್ಬಿಕೊಂಡು ಎಂಬ ಅರ್ಥವೂ ಇರುವದಷ್ಟೆ. 1983ರ ಸೆಪ್ಟೆಂಬರದಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಹತ್ತಿರ ಕಳಾಸೆಯ ಕಾಡಿನಲ್ಲಿ ನಮ್ಮ ಜನರು ಮರಗಳನ್ನು ತಬ್ಬಿ ನಿಂತು ಕೊಡಲಿಯನ್ನು ತಡೆದರು. ಆ ಚಳವಳಿಗೆ ‘ಅಪ್ಪಿಕೋ’ ಎಂಬ ಹೆಸರು ಬಂತು. ಆಗ ನಾನು ಹೊಸದಾಗಿ ನೌಕರಿಗೆ ಸೇರಿದ್ದೆನು. ಊರೂರಿನಲ್ಲಿ ಜನರು ಆ ಶಬ್ದವನ್ನು ಹೇಳುತ್ತಿರುವಾಗ, ಯಾರೋ ನನ್ನನ್ನು ಕರೆದಂತಾಗಿ ಒಮ್ಮೆ ತಿರುಗಿ ನೋಡಿದ್ದುಂಟು. ಅಮ್ಮಮ್ಮನು ತೀರಿಕೊಂಡು ಆಗಲೇ ಕೆಲವು ವರುಷಗಳಾಗಿದ್ದವು.

ಈಗ ರಸದ ಮಾತು. ಭರತನು ಎಂಟು ರಸಗಳನ್ನು ಹೇಳಿದನು. ತರುವಾಯದವರು ಶಾಂತವನ್ನು ಸೇರಿಸಿ ಒಂಬತ್ತೆಂದರು. ಮಗುವಿನ ಮೇಲಿನ ಪ್ರೀತಿಯನ್ನು ರಸವೆಂದು ಒಪ್ಪದೆ ಬರಿಯ ಭಾವವೆಂದವರೇ ಹೆಚ್ಚು. ಹದಿನಾಲ್ಕನೆಯ ಶತಮಾನದಲ್ಲಿ ಕಳಿಂಗದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ವತ್ಸಲವೆಂಬ ಹತ್ತನೆಯ ರಸವನ್ನು ಸ್ಪಷ್ಟವಾಗಿ ಎಣಿಸಿ, ಅದಕ್ಕೆ ಲೋಕಮಾತೆಯರನ್ನು ಅಧಿದೇವತೆಗಳಾಗಿ ಹೇಳಿದನು. ಇದು ಉಪಕಾರವೇ ಸರಿ. ಆದರೆ ವಿಶ್ವನಾಥನ ವಿವರಣೆಯಲ್ಲಿಯೂ ಪ್ರೀತಿಸುವವರು ಹಿರಿಯರು, ಆಲಂಬನವು ಮಗು. ಮಗುವು ದೊಡ್ಡದಾದಮೇಲೆ, ಹಿರಿಯರು ಇಲ್ಲದಾದಮೇಲೆ, ಆ ಪ್ರೀತಿಯನ್ನು ನೆನೆದಾಗ ಹುಟ್ಟುವ ಭಾವಕ್ಕೆ ಯಾವ ಹೆಸರು? ಅದು ಭಕ್ತಿಯಲ್ಲ, ಅದರಲ್ಲಿ ಸಲಿಗೆಯುಂಟು. ಕರುಣವಲ್ಲ, ಅದರಲ್ಲಿ ಸಂತೋಷವುಂಟು. ಶಾಸ್ತ್ರದಲ್ಲಿ ಇದಕ್ಕೆ ಬೇರೊಂದು ಸ್ಥಾನವು ನನಗೆ ಕಂಡಿಲ್ಲ. ಮುದ್ದಿನ ಹೆಸರು ಮೊಮ್ಮಗನಿಗೆ ಏನಾಗಿದೆಯೆಂದು ಕೇಳಿದರೆ, ಆ ಹೆಸರಿಲ್ಲದ ಭಾವದ ಹೆಸರೇ ಅದಾಗಿದೆಯೆಂದು ಹೇಳಬ��ಕು.

ಇಲ್ಲಿಂದ ಮೂಕಜ್ಜಿಯ ಕಡೆಗೆ ತಿರುಗಬಹುದು. ಕಾರಂತರ ಕೃತಿಯನ್ನು ಕುರಿತು ಬರೆದವರು ಬಹಳ ಮಾಡಿ ಅದರಲ್ಲಿ ಬರುವ ಪುರಾತನ ಸಂಸ್ಕೃತಿಯ ವಿಚಾರ, ದೇವರುಗಳ ವಿಚಾರ, ಸ್ತ್ರೀಪುರುಷರ ಸಂಬಂಧದ ವಿಚಾರ ಇವುಗಳನ್ನೇ ಚರ್ಚಿಸಿರುವರು. ಅವು ದೊಡ್ಡ ವಿಚಾರಗಳೇ ಹೌದು. ಆದರೆ ಅವೆಲ್ಲವೂ ನಮಗೆ ದೊರೆಯುವದು ಒಂದು ಸಂಬಂಧದ ಮೂಲಕ; ಸುಬ್ಬರಾಯನೆಂಬ ಮೊಮ್ಮಗನು ಕೇಳುವದರಿಂದ, ಮೂಕಜ್ಜಿಯು ಹೇಳುವದರಿಂದ. ಆಕೆಯು ಬಾಲ್ಯದಲ್ಲಿಯೇ ವಿಧವೆಯಾದವಳು, ಹೆತ್ತ ಮಕ್ಕಳಿಲ್ಲದವಳು, ತನ್ನ ಮನಸ್ಸಿನೊಳಗಿನದನ್ನು ಬಹುಕಾಲ ಬಾಯಿಗೆ ತಾರದವಳು. ಲೋಕವು ಆಕೆಯನ್ನು ಮೂಕಿಯೆಂದಾಗ ಶ್ಲೇಷದ ಎರಡನೆಯ ಅರ್ಥವು ಮೇಲಾಗಿರುವದು. ಮಾತಾಡುವ ಹಕ್ಕನ್ನು ಕೊಡದೆ, ಮೂಕಿಯೆಂದು ಕರೆಯುವದು ಲೋಕದ ನ್ಯಾಯ. ಅದು ತರುಣ ಅಧ್ಯಾಪಕರ ಕಿವಿಗೆ ಬಿದ್ದಿತು. ಆ ಕಿವಿಯು ಸರಿಯಾಗಿಯೇ ಇದೆ.

ಆದರೆ ಮೊಮ್ಮಗನು ಅದಕ್ಕೆ ‘ಅಜ್ಜಿ’ ಎಂಬದನ್ನು ಕೂಡಿಸಿ ಕರೆಯುವನು. ಕರೆದು ಸುಮ್ಮನಾಗದೆ ಎದುರಿಗೆ ಕುಳಿತು ಕೇಳುವನು. ಕೇಳುವವನೊಬ್ಬನು ದೊರೆತಾಗ ಮೂಕಿಯು ಮಾತಾಡತೊಡಗುವಳು. ಅಂದಮೇಲೆ ಮೂಕಜ್ಜಿಯೆಂಬ ಹೆಸರಿನ ಮೊದಲಿನ ಭಾಗವು ಲೋಕವು ಕೊಟ್ಟದ್ದು, ಕೊನೆಯ ಭಾಗವು ಮೊಮ್ಮಗನು ಕೊಟ್ಟದ್ದು. ಅವನ ಬಾಯಲ್ಲಿ ಅದೇ ಅಕ್ಷರಗಳು ಮರಳಿ ಮೂಕಾಂಬಿಕೆಯನ್ನು ಹೇಳುವವು. ಮಾತನ್ನು ಕೊಡುವ ಅಂಬಿಕೆಯೆಂದು ನಮ್ಮ ಕಡೆಯ ಜನರು ಮಕ್ಕಳ ವಿದ್ಯಾರಂಭಕ್ಕೆ ಹೋಗುವದು ಕೊಲ್ಲೂರಿಗೇ ಅಲ್ಲವೇ? ಹೀಗೆ ಅವಮಾನದ ಶಬ್ದವು ಅನುಕಂಪೆಯ ಶಬ್ದವಾಗುವದು, ಅಕ್ಷರವೊಂದೂ ಬದಲಾಗದೆ. ಶಬ್ದವನ್ನು ಬದಲಿಸುವದರಿಂದ ಆಗದ ಕೆಲಸವು ಕೇಳುವದರಿಂದ ಆಗುವದು. ಕಾರಂತರು ಈ ವ್ಯಾಕರಣವನ್ನು ಎಣಿಸಿ ಹೆಸರಿಟ್ಟರೋ ಇಲ್ಲವೋ ಎಂಬ ಪ್ರಶ್ನೆಯು ಅಪ್ರಕೃತ. ಶಬ್ದವು ಹಾಗೆ ಕೆಲಸ ಮಾಡಿರುವದು, ವಿಮರ್ಶಕನಿಗೆ ಅಷ್ಟು ಸಾಕು. ಆ ಸುಬ್ಬರಾಯನು ಮಾಡಿದ್ದನ್ನು ನಾನು ಮಾಡಲಿಲ್ಲ. ಅವನು ಮೂಕಿಯನ್ನು ಮಾತಾಡಿಸಿದನು. ನಾನು ಮಾತಾಡುವವಳನ್ನು ಮೂಕಿಯಾಗಿಸಿದೆನು. ಅದಕ್ಕಾಗಿಯೇ ಆ ಪುಸ್ತಕವನ್ನು ನಾನು ಇಂದಿಗೂ ಒಂದೇ ಸಲಕ್ಕೆ ಓದಿ ಮುಗಿಸಲಾರೆನು.

ಈಚೆಗೆ ನಮ್ಮ ಮನೆಗಳಲ್ಲಿ ಕಾಲವು ಬದಲಾಗಿದೆ. ಗಂಡನ ಹೆಸರನ್ನು ಹೇಳಬಾರದೆಂಬ ನಿರ್ಬಂಧವು ಸಡಿಲಾಯಿತು. ಅದಕ್ಕಾಗಿ ನಾನು ದುಃಖಿಸುವವನಲ್ಲ. ಒಬ್ಬಳ ಬಾಯನ್ನು ಕಟ್ಟಿ ಹುಟ್ಟಿಸಿದ ಕಾವ್ಯಕ್ಕಿಂತ ಬಿಚ್ಚಿದ ಬಾಯಿಯೇ ಮೇಲು. ಮಕ್ಕಳಿಗೆ ಈಗ ಮೊದಲೇ ಎರಡಕ್ಷರದ ಹೆಸರುಗಳನ್ನು ಇಡುತ್ತಾರೆ; ಅಜ್ಜಿಯು ಮೊಟಕುಮಾಡುವದಕ್ಕೆ ಏನೂ ಉಳಿದಿರುವದಿಲ್ಲ. ಮೊಮ್ಮಕ್ಕಳು ಬೆಂಗಳೂರಿನಲ್ಲಿಯೋ ಅಮೇರಿಕೆಯಲ್ಲಿಯೋ ಇದ್ದು ದೂರವಾಣಿಯ ಪರದೆಯ ಮೇಲೆ ಕಾಣಿಸಿಕೊಳ್ಳುವರು. ಆದರೂ ನನ್ನ ಹೆಂಡತಿಯು ಆ ಪರದೆಗೆ ಮುಖ ಹತ್ತಿರ ತಂದು ‘ಅಪ್ಪೀ’ ಎನ್ನುವಳು. ಅತ್ತಲಿಂದ ಕೂಸು ನಗುವದು. ಪಾಣಿನಿಯ ಅನುಕಂಪೆಗೆ ಇನ್ನೂ ಮುಪ್ಪು ಬಂದಿಲ್ಲ.

ವಾಚಕರಲ್ಲಿ ನನ್ನ ಅರಿಕೆಯೊಂದೇ. ನಮ್ಮ ಸೀಮೆಯ ಅನೇಕ ಮನೆತನಗಳು ಈಗ ವಂಶಾವಳಿಗಳನ್ನು ಬರೆಯಿಸಿ ಅಚ್ಚುಹಾಕಿಸುತ್ತಿರುವವು. ಅವುಗಳಲ್ಲಿ ಸಾಧುನಾಮಗಳೆಲ್ಲ ಇರುವವು. ಮನೆಯ ಹೆಸರುಗಳಿಗೆ ಮಾತ್ರ ಸ್ಥಳವಿರುವದಿಲ್ಲ. ಪ್ರತಿಯೊಂದು ಹೆಸರಿನ ಮುಂದೆ, ಆತನನ್ನು ಮುದ್ದಿನಿಂದ ಏನೆಂದು ಕರೆಯುತ್ತಿದ್ದರು, ಹಾಗೆ ಕರೆದವರು ಯಾರು ಎಂದು ಒಂದು ಸಾಲನ್ನು ಬರೆದಿಡಬೇಕು. ಮನೆಯ ಹೆಂಗಸರ ಧ್ವನಿಯು ಆ ವಂಶಾವಳಿಗಳಲ್ಲಿ ಉಳಿಯುವದಾದರೆ ಆ ಒಂದು ಸಾಲಿನಲ್ಲಿಯೇ. ನಿಮ್ಮ ಮನೆಯಲ್ಲಿ ಕರೆಯುವವರು ಇನ್ನೂ ಇದ್ದರೆ, ಅವರು ಯಾರೆದುರಿಗೇ ಕರೆಯಲಿ, ಎಷ್ಟೇ ಚಿಕ್ಕ ಹೆಸರಿನಿಂದ ಕರೆಯಲಿ, ಓಗೊಡುವದನ್ನು ಮರೆಯಬಾರದು. ನಾನು ಸಭೆಗಳಲ್ಲಿ ಶಾಸ್ತ್ರಿಯೆಂದೂ ಮಾಸ್ತರನೆಂದೂ ಕರೆಯಿಸಿಕೊಂಡವನು. ಅರುವತ್ತು ದಾಟಿದ ಈ ವಯಸ್ಸಿನಲ್ಲಿ ಅವೆಲ್ಲವನ್ನೂ ಕೊಟ್ಟು, ಬಾಗಿಲಿನಿಂದ ಬರುವ ಆ ಒಂದು ಕರೆಯನ್ನು ಪಡೆಯುವ ಹಾಗಿದ್ದರೆ ಪಡೆದೇನು. ಇಷ್ಟೇ ನನ್ನ ಸಿದ್ಧಾಂತ. ಅಲಂ ವಿಸ್ತರೇಣ.